ಚೀತಾ ಕಾಣೆಯಾದದ್ದು ಕಾಡಿನಿಂದಲ್ಲ, ಬಯಲಿನಿಂದ



2022ರ ಸೆಪ್ಟೆಂಬರ್ 17ರಂದು ನಮೀಬಿಯಾ ದೇಶದಿಂದ ಎಂಟು ಚೀತಾಗಳು ಮಧ್ಯಪ್ರದೇಶದ ಕುನೊ ರಾಷ್ಟ್ರೀಯ ಉದ್ಯಾನಕ್ಕೆ ಬಂದಿಳಿದವು. ಅಂದಿನಿಂದ ಇಂದಿನವರೆಗೆ ನನಗೆ ದೂರವಾಣಿ ಮಾಡುವ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಒಂದೇ ಪ್ರಶ್ನೆಯನ್ನು ಕೇಳುತ್ತ ಬಂದಿದ್ದಾರೆ: "ಸರ್, ಚಿರತೆ ನಮ್ಮಲ್ಲಿ ಮೊದಲಿನಿಂದಲೂ ಇದೆಯಲ್ಲ, ಮತ್ತೆ ಆಫ್ರಿಕಾದಿಂದ ಏಕೆ ತಂದರು?" ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಆದರೆ ಇದಕ್ಕೆ ಸರಿಯಾದ ಉತ್ತರ ಹುಡುಕುತ್ತ ಹೊರಟರೆ ನಾವು ಕುನೊ ಅರಣ್ಯಕ್ಕಲ್ಲ, ನಮ್ಮದೇ ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಎರೆಹೊಲಗಳಿಗೆ ಬಂದು ನಿಲ್ಲುತ್ತೇವೆ. ಹೇಗೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಚೀತಾ ನಮ್ಮ ದೇಶದಿಂದ ಅಳಿದದ್ದಕ್ಕೆ ಕಾರಣವಾದ ಮನೋಭಾವ ಇನ್ನೂ ನಮ್ಮಲ್ಲಿ ಉಳಿದಿದೆ. ಅದನ್ನು ಬಿಡದೆ ಚೀತಾವನ್ನು ಮರಳಿ ತಂದರೆ ಅದು ಅರ್ಧ ಕೆಲಸ ಮಾತ್ರ.

ಎರಡು ಪ್ರಾಣಿ, ಒಂದು ಗೊಂದಲ

ಮೊದಲು ಪಾಠ, ಆಮೇಲೆ ಅಭಿಪ್ರಾಯ. ಚಿರತೆ ಬೇರೆ, ಚೀತಾ ಬೇರೆ. ಚಿರತೆಯ ಮೈಮೇಲಿನ ಚುಕ್ಕೆಗಳು ಹೂವಿನ ದಳಗಳಂತೆ ಗುಂಪುಗುಂಪಾಗಿರುತ್ತವೆ. ಚೀತಾದ ಚುಕ್ಕೆಗಳು ಶಾಯಿಯ ಬೊಟ್ಟುಗಳಂತೆ ಬಿಡಿಬಿಡಿಯಾಗಿರುತ್ತವೆ. ಚೀತಾದ ಕಣ್ಣಿನ ಒಳಮೂಲೆಯಿಂದ ಬಾಯಿಯವರೆಗೆ ಎರಡು ಕಪ್ಪು ಗೆರೆಗಳು ಇಳಿದಿರುತ್ತವೆ. ಅತ್ತು ಅತ್ತು ಕಾಡಿಗೆ ಹರಿದ ಮಗುವಿನ ಮುಖದಂತೆ ಕಾಣುತ್ತದೆ. ಚಿರತೆಗೆ ಆ ಗೆರೆಗಳಿಲ್ಲ. ಚಿರತೆ ಗುಡ್ಡ, ಪೊದೆ, ಮರಗಳ ಜೀವಿ. ರಾತ್ರಿ ಹೊಂಚುಹಾಕಿ ಬೇಟೆಯಾಡುತ್ತದೆ. ಚೀತಾ ಬಯಲಿನ ಜೀವಿ. ಹಗಲು ಬೆಳಕಿನಲ್ಲಿ ಕಣ್ಣಿಟ್ಟು, ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತದೆ. ಚಿರತೆ ಗರ್ಜಿಸಬಲ್ಲದು. ಚೀತಾಕ್ಕೆ ಗರ್ಜನೆ ಬಾರದು. ಅದು ಹಕ್ಕಿಯಂತೆ ಚಿಲಿಪಿಲಿ ಸದ್ದು ಮಾಡಿ ಮರಿಗಳನ್ನು ಕರೆಯುತ್ತದೆ, ಬೆಕ್ಕಿನಂತೆ ಗುರುಗುಟ್ಟುತ್ತದೆ.

ಹೆಸರಿನ ಗೊಂದಲಕ್ಕೆ ಇಂಗ್ಲಿಷರ ಪಾಲೂ ಇದೆ. ದಕ್ಷಿಣ ಭಾರತದಲ್ಲಿದ್ದ ಇಂಗ್ಲಿಷರಲ್ಲಿ ಅನೇಕರು ಚಿರತೆಯನ್ನೇ 'ಚೀತಾ' ಎಂದು ಕರೆಯುತ್ತಿದ್ದರು. ಆದುದರಿಂದ ಹಳೆಯ ಬೇಟೆಯ ಪುಸ್ತಕಗಳಲ್ಲಿ 'ಚೀತಾ' ಎಂಬ ಪದ ಕಂಡ ಕೂಡಲೇ ಅದು ಚೀತಾವೇ ಎಂದು ತೀರ್ಮಾನಿಸಲಾಗದು. 'ಚೀತಾ' ಎಂಬ ಪದ ಮಾತ್ರ ನಮ್ಮದೇ. ಸಂಸ್ಕೃತದ 'ಚಿತ್ರಕ', ಅಂದರೆ ಚುಕ್ಕೆಗಳುಳ್ಳದ್ದು ಎಂಬುದರಿಂದ ಹಿಂದಿಗೆ, ಹಿಂದಿಯಿಂದ ಇಂಗ್ಲಿಷಿಗೆ ಹೋದದ್ದು. ಇಡೀ ಜಗತ್ತು ಇಂದು ಆ ಪ್ರಾಣಿಯನ್ನು ಭಾರತದ ಹೆಸರಿನಿಂದ ಕರೆಯುತ್ತದೆ, ಪ್ರಾಣಿ ಮಾತ್ರ ಭಾರತದಲ್ಲಿ ಇಲ್ಲದೆ ಹೋಯಿತು.

ಕನ್ನಡದಲ್ಲಿ ಅದಕ್ಕೆ ಬೇರೆಯದೇ ಹೆಸರಿತ್ತು. ಮದರಾಸು ಸರ್ಕಾರದ ವೈದ್ಯನಾಗಿದ್ದ ಥಾಮಸ್ ಜೆರ್ಡನ್ ಎಂಬಾತ 1867ರಲ್ಲಿ ಭಾರತದ ಸಸ್ತನಿಗಳ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಅದರಲ್ಲಿ ಚೀತಾಕ್ಕೆ ಕನ್ನಡದ ಹೆಸರು 'ಸಿವಂಗಿ' ಎಂದು ಬರೆದಿದ್ದಾನೆ. ತೆಲುಗಿನಲ್ಲಿ 'ಚೀತಾ ಪುಲಿ'. ಜೆರ್ಡನ್ ಒಂದು ಚೀತಾದ ಮರಿಯನ್ನು ಬೇಟೆನಾಯಿಯ ಮರಿಗಳ ಜೊತೆಗೆ ಸಾಕಿದ್ದ. ಅದಕ್ಕೆ 'ಬಿಲ್ಲಿ' ಎಂದು ಹೆಸರಿಟ್ಟಿದ್ದ. ಆತ ಕುದುರೆಯೇರಿ ಹೊರಟರೆ ಅದು ನಾಯಿಯಂತೆ ಹಿಂದೆ ಬರುತ್ತಿತ್ತಂತೆ. 'ಸಿವಂಗಿ' ಎಂಬ ಪದವನ್ನು ಕೆಲವೆಡೆ ಕಿರುಬಕ್ಕೂ ಹೇಳುವುದುಂಟು. ಅದೇನೇ ಇರಲಿ, ಒಂದು ಪ್ರಾಣಿಗೆ ಜನರ ಬಾಯಲ್ಲಿ ಹೆಸರಿದೆಯೆಂದರೆ ಆ ಜನ ಅದನ್ನು ಕಂಡಿದ್ದರು ಎಂದೇ ಅರ್ಥ. ನೋಡದ ಪ್ರಾಣಿಗೆ ರೈತ ಹೆಸರಿಡುವುದಿಲ್ಲ. ಇಂದು ನಮ್ಮ ಪದವೀಧರರಿಗೂ ಸಿವಂಗಿ ಎಂದರೇನೆಂದು ಗೊತ್ತಿಲ್ಲ. ಪ್ರಾಣಿ ಹೋಯಿತು, ಅದರ ಹಿಂದೆ ಪದವೂ ಹೋಯಿತು.

ಕಲ್ಯಾಣದ ಅರಸನೂ ಬೇಟೆಯ ಚೀತಾವೂ

ನಮ್ಮ ಸೀಮೆಗೆ ಈ ಪ್ರಾಣಿಯ ನಂಟು ಬಹಳ ಹಳೆಯದು. ಇಂದಿನ ಬಸವಕಲ್ಯಾಣವನ್ನು ರಾಜಧಾನಿಯಾಗಿಟ್ಟುಕೊಂಡು ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಕ್ರಿ.ಶ. 1130ರ ಸುಮಾರಿಗೆ 'ಮಾನಸೋಲ್ಲಾಸ' ಎಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದನು. ಅಡುಗೆಯಿಂದ ಆನೆಯವರೆಗೆ, ಸಂಗೀತದಿಂದ ಸೈನ್ಯದವರೆಗೆ ನೂರು ಅಧ್ಯಾಯಗಳ ಗ್ರಂಥವದು. ಅದರ ಮೃಗಯಾ ಭಾಗದಲ್ಲಿ ಪಳಗಿಸಿದ ಚೀತಾಗಳಿಂದ ಜಿಂಕೆಗಳನ್ನು ಬೇಟೆಯಾಡಿಸುವ ವಿಚಾರ ಬರುತ್ತದೆ. ಭಾರತದಲ್ಲಿ ಈ ಬಗೆಯ ಬೇಟೆಯನ್ನು ಹೇಳುವ ಅತಿ ಹಳೆಯ ಬರಹವೆಂದು ವಿದ್ವಾಂಸರು ಇದನ್ನು ಗುರುತಿಸಿದ್ದಾರೆ. ನಮ್ಮ ಕುರುಗೋಡಿನಲ್ಲಿ ಆಳುತ್ತಿದ್ದ ಸಿಂದರು ಆ ಚಾಲುಕ್ಯರ ಸಾಮಂತರೇ. ಮೊಗಲರ ಕಥೆಯನ್ನು ಎಲ್ಲರೂ ಹೇಳುತ್ತಾರೆ, ನಮ್ಮ ಅರಸನೊಬ್ಬನು ಅವರಿಗಿಂತ ನಾಲ್ಕು ಶತಮಾನ ಮೊದಲೇ ಬರೆದಿಟ್ಟದ್ದನ್ನು ನಾವು ಮರೆತಿದ್ದೇವೆ. ಮುಂದೆ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನೂ ಬೇಟೆಯ ಚೀತಾಗಳನ್ನು ಸಾಕಿದ್ದನು.

ಈ ಬೇಟೆಯ ಕ್ರಮವನ್ನು ತಿಳಿದರೆ ಪ್ರಾಣಿಯ ಅವನತಿಯ ಮೊದಲ ಕಾರಣವೂ ತಿಳಿಯುತ್ತದೆ. ಚೀತಾಗಳಿಗೆ ಕೆಲವು ಮರಗಳ ಬಳಿಗೆ ಮತ್ತೆ ಮತ್ತೆ ಬಂದು ಮೈ ಉಜ್ಜಿ ಗುರುತು ಮಾಡುವ ಅಭ್ಯಾಸವಿದೆ. ಆ ಮರಗಳ ಸುತ್ತ ಉರುಲು ಹಾಕಿ ಹಿಡಿಯುತ್ತಿದ್ದರು. ಹಿಡಿಯುತ್ತಿದ್ದುದು ಮರಿಗಳನ್ನಲ್ಲ, ಬೆಳೆದ ಪ್ರಾಣಿಗಳನ್ನು. ಏಕೆಂದರೆ ಬೇಟೆಯ ವಿದ್ಯೆಯನ್ನು ಮರಿಗೆ ಕಲಿಸಬಲ್ಲವಳು ತಾಯಿ ಮಾತ್ರ, ಮನುಷ್ಯನಿಗೆ ಅದು ಸಾಧ್ಯವಿಲ್ಲ. ಹಿಡಿದ ಮೇಲೆ ಕಣ್ಣಿಗೆ ಪಟ್ಟಿ ಕಟ್ಟಿ, ಜನರ ನಡುವೆ ಇಟ್ಟು, ಕೈಯಿಂದ ಉಣಿಸಿ ಪಳಗಿಸುತ್ತಿದ್ದರು. ಎತ್ತಿನ ಬಂಡಿಯ ಮೇಲೆ ಕೂರಿಸಿಕೊಂಡು ಕೃಷ್ಣಮೃಗಗಳ ಹಿಂಡಿನ ಸಮೀಪಕ್ಕೆ ಒಯ್ಯುತ್ತಿದ್ದರು. ಹೊಲದಲ್ಲಿ ಓಡಾಡುವ ಬಂಡಿಗೆ ಮೃಗಗಳು ಹೆದರುವುದಿಲ್ಲವಲ್ಲ! ಅಲ್ಲಿ ಕಣ್ಣುಪಟ್ಟಿ ಬಿಚ್ಚಿ ಬಿಡುತ್ತಿದ್ದರು. ಅರೆನಿಮಿಷದಲ್ಲಿ ಎಲ್ಲ ಮುಗಿದುಹೋಗುತ್ತಿತ್ತು.

ಅಕ್ಬರನ ಬಳಿ ಒಂದೇ ಕಾಲಕ್ಕೆ ಸಾವಿರ ಚೀತಾಗಳಿದ್ದವೆಂದು ಹೇಳುತ್ತಾರೆ. ಆದರೆ ಸೆರೆಯಲ್ಲಿ ಚೀತಾ ಮರಿ ಹಾಕುವುದು ಅತ್ಯಪರೂಪ. ಮೊಗಲರ ಅಷ್ಟೂ ಕಾಲದಲ್ಲಿ ಅಂಥ ಒಂದೇ ಒಂದು ಪ್ರಸಂಗ ದಾಖಲಾಗಿದೆ. 1613ರಲ್ಲಿ ಮೂರು ಮರಿಗಳು ಹುಟ್ಟಿದವೆಂದು ಜಹಾಂಗೀರನು ತನ್ನ ದಿನಚರಿಯಲ್ಲಿ ಸೋಜಿಗದಿಂದ ಬರೆದಿದ್ದಾನೆ. ಅನಂತರ ಜಗತ್ತಿನಲ್ಲಿ ಎಲ್ಲಿಯಾದರೂ ಸೆರೆಯಲ್ಲಿ ಚೀತಾ ಮರಿ ಹಾಕಿದ್ದು ದಾಖಲಾದದ್ದು 1956ರಲ್ಲಿ, ಅಮೆರಿಕದ ಫಿಲಡೆಲ್ಫಿಯಾ ಮೃಗಾಲಯದಲ್ಲಿ. ಹಾಗಿದ್ದ ಮೇಲೆ ಅರಮನೆಯ ಲಾಯಕ್ಕೆ ಸೇರಿದ ಪ್ರತಿಯೊಂದು ಚೀತಾವೂ ಬಯಲಿನ ಪಾಲಿಗೆ ಸತ್ತಂತೆಯೇ. ಶತಮಾನಗಟ್ಟಲೆ ಹುಂಡಿಯಿಂದ ಹಣ ತೆಗೆದರು, ಒಂದು ಕಾಸನ್ನೂ ಮರಳಿ ಹಾಕಲಿಲ್ಲ.

ಆಮೇಲೆ ಬ್ರಿಟಿಷರು ಬಂದರು. ಅವರಿಗೆ ಚೀತಾ ಉಪದ್ರವಕಾರಿ ಪ್ರಾಣಿ. ಕೊಂದವರಿಗೆ ಇನಾಮು ಕೊಟ್ಟರು. ಮರಿಗಳನ್ನು ಕೊಂದರೂ ಇನಾಮು. ಬಂದೂಕು ಕೃಷ್ಣಮೃಗಗಳ ಹಿಂಡುಗಳನ್ನು ಬರಿದು ಮಾಡಿತು, ನೇಗಿಲು ಹುಲ್ಲುಗಾವಲನ್ನು ನುಂಗಿತು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ದೇಶೀ ಚೀತಾ ಎಷ್ಟು ವಿರಳವಾಯಿತೆಂದರೆ, ನಮ್ಮ ಪಕ್ಕದ ಕೊಲ್ಹಾಪುರದ ಸಂಸ್ಥಾನದವರೂ ಗುಜರಾತಿನ ಭಾವನಗರದವರೂ ತಮ್ಮ ಬೇಟೆಗಾಗಿ ಆಫ್ರಿಕಾದಿಂದ ಚೀತಾಗಳನ್ನು ತರಿಸತೊಡಗಿದರು. ಗಮನಿಸಿ, ಆಫ್ರಿಕಾದ ಚೀತಾ ಭಾರತಕ್ಕೆ ಬಂದದ್ದು 2022ರಲ್ಲಿ ಮೊದಲ ಸಲವಲ್ಲ. ಆಗ ಬಂದದ್ದು ಬೇಟೆಯ ಮೋಜಿಗೆ, ಈಗ ಬಂದದ್ದು ಪ್ರಾಯಶ್ಚಿತ್ತಕ್ಕೆ.

1947ರಲ್ಲಿ ಈಗಿನ ಛತ್ತೀಸಗಢದ ಕೊರಿಯಾ ಸಂಸ್ಥಾನದ ದೊರೆ ರಾಮಾನುಜ ಪ್ರತಾಪ ಸಿಂಹ ದೇವ್ ಒಂದೇ ರಾತ್ರಿ ಮೂರು ಗಂಡು ಚೀತಾಗಳನ್ನು ಗುಂಡಿಟ್ಟು ಕೊಂದನು. ಅವೇ ನಮ್ಮ ದೇಶದ ಕೊನೆಯ ಚೀತಾಗಳೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. 1952ರಲ್ಲಿ ಚೀತಾ ಅಳಿದುಹೋಯಿತೆಂದು ಸರ್ಕಾರ ಘೋಷಿಸಿತು. ಅದೇ 1952ರಲ್ಲಿ ಭಾರತೀಯ ವನ್ಯಜೀವಿ ಮಂಡಳಿಯ ಮೊದಲ ಸಭೆ ಸೇರಿದ್ದು ನಮ್ಮ ಮೈಸೂರಿನಲ್ಲಿ, ಜಯಚಾಮರಾಜೇಂದ್ರ ಒಡೆಯರ ಅಧ್ಯಕ್ಷತೆಯಲ್ಲಿ. ಮಧ್ಯಭಾರತದ ಚೀತಾಗಳ ರಕ್ಷಣೆಗೆ ವಿಶೇಷ ಆದ್ಯತೆ ನೀಡಬೇಕೆಂದು ಆ ಸಭೆ ಹೇಳಿತು. ರೋಗಿ ಹೋದ ಮೇಲೆ ವೈದ್ಯರು ಬಂದಂತಾಯಿತು.

ಇನ್ನೊಂದು ಸಂಗತಿ ನಮ್ಮ ಭಾಗದವರಿಗೆ ವಿಶೇಷವಾಗಿ ತಿಳಿದಿರಬೇಕು. ಅದೇ ವರ್ಷ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ, ಮದರಾಸು ರಾಜ್ಯದ ಚಿತ್ತೂರು ಜಿಲ್ಲೆಯಲ್ಲಿ ಚೀತಾ ಕಂಡುಬಂದ ವರದಿಯೊಂದು ಪ್ರಕಟವಾಯಿತು. ಆಗ ಬಳ್ಳಾರಿಯೂ ಮದರಾಸು ರಾಜ್ಯದಲ್ಲೇ ಇತ್ತು. ನಾವು ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅಂದರೆ ನಾವು ಯಾವ ರಾಜ್ಯದಲ್ಲಿದ್ದೆವೋ ಆ ರಾಜ್ಯದ ಬಯಲಿನಲ್ಲಿ, ನಮ್ಮ ತಂದೆತಾಯಿಗಳ ಯೌವನದ ದಿನಗಳಲ್ಲಿ, ಈ ಪ್ರಾಣಿ ಇನ್ನೂ ಉಸಿರಾಡುತ್ತಿತ್ತು. ಇದು ಪುರಾಣಕಾಲದ ಕಥೆಯಲ್ಲ.

ವೇಗಕ್ಕೆ ತೆತ್ತ ಬೆಲೆ

ಚೀತಾ ಏಕೆ ಇಷ್ಟು ಸುಲಭವಾಗಿ ಸೋಲುತ್ತದೆ? ತರಗತಿಯಲ್ಲಿ ನಾನು ಹೇಳುತ್ತಿದ್ದ ಮಾತು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು: ಪ್ರಕೃತಿಯಲ್ಲಿ ಯಾವ ವರವೂ ಬಿಟ್ಟಿ ಸಿಗುವುದಿಲ್ಲ. ಗಂಟೆಗೆ ನೂರು ಕಿಲೋಮೀಟರಿನ ಆಸುಪಾಸಿನ ವೇಗಕ್ಕಾಗಿ ಚೀತಾ ತನ್ನ ಮೈಯನ್ನು ಹಗುರ ಮಾಡಿಕೊಂಡಿದೆ. ದವಡೆ ಚಿಕ್ಕದು, ಹಲ್ಲು ಚಿಕ್ಕದು. ಉಗುರುಗಳು ಪೂರ್ತಿ ಒಳಗೆ ಸರಿಯದೆ ಓಟಗಾರನ ಬೂಟಿನ ಮೊಳೆಗಳಂತೆ ಹೊರಗೇ ಇರುತ್ತವೆ. ಉದ್ದವಾದ ಬಾಲ ದೋಣಿಯ ಚುಕ್ಕಾಣಿಯಂತೆ ತಿರುವಿನಲ್ಲಿ ಸಮತೋಲ ಕಾಯುತ್ತದೆ. ಆದರೆ ಆ ಓಟ ಒಂದು ನಿಮಿಷಕ್ಕಿಂತ ಹೆಚ್ಚು ನಡೆಯದು. ಬೇಟೆಯಾಡಿದ ಮೇಲೆ ಏದುಸಿರು ಬಿಡುತ್ತ ನಿಲ್ಲುವ ಆ ಪ್ರಾಣಿಯಿಂದ ಕಿರುಬವೋ ಸಿಂಹವೋ ಬಂದು ಆಹಾರ ಕಸಿದುಕೊಂಡರೆ ಅದು ಜಗಳಕ್ಕೆ ನಿಲ್ಲದೆ ಹೊರಟುಹೋಗುತ್ತದೆ. ಕಾಲಿಗೆ ಪೆಟ್ಟಾದರೆ ಹೊಟ್ಟೆಗೂ ಇಲ್ಲ, ಮರಿಗಳಿಗೂ ಇಲ್ಲ ಎಂಬುದು ಅದಕ್ಕೆ ಗೊತ್ತು.

ಮರಿಗಳ ಸ್ಥಿತಿ ಇನ್ನೂ ಕರುಣಾಜನಕ. ಟಾಂಜಾನಿಯಾದ ಸೆರೆಂಗೆಟಿಯಲ್ಲಿ ನಡೆದ ಅಧ್ಯಯನದಲ್ಲಿ, ಹುಟ್ಟಿದ ನೂರು ಮರಿಗಳಲ್ಲಿ ಸ್ವತಂತ್ರ ಜೀವನದವರೆಗೆ ಉಳಿದವು ಐದರಷ್ಟು ಮಾತ್ರ. ಬಹುಪಾಲನ್ನು ಸಿಂಹಗಳೇ ಕೊಂದಿದ್ದವು. ಸಿಂಹವಿಲ್ಲದ ಕಡೆ ಇದಕ್ಕಿಂತ ಹೆಚ್ಚು ಉಳಿಯುತ್ತವೆ. ಇದರ ಜೊತೆಗೆ ವಂಶವಾಹಿಯ ಬಡತನ. ಸುಮಾರು ಹತ್ತು ಹನ್ನೆರಡು ಸಾವಿರ ವರ್ಷಗಳ ಹಿಂದೆ ಚೀತಾಗಳ ಸಂಖ್ಯೆ ತೀರ ಕುಸಿದು, ಉಳಿದ ಕೆಲವೇ ಪ್ರಾಣಿಗಳಿಂದ ಇಂದಿನ ಸಂತತಿ ಬೆಳೆಯಿತೆಂದು ವಿಜ್ಞಾನಿಗಳು ಹೇಳುತ್ತಾರೆ. 1980ರ ದಶಕದ ಪ್ರಯೋಗಗಳಲ್ಲಿ ಒಂದು ಚೀತಾದ ಚರ್ಮವನ್ನು ನೆಂಟಲ್ಲದ ಇನ್ನೊಂದಕ್ಕೆ ಕಸಿ ಮಾಡಿದಾಗ ಅದರ ದೇಹ ಅದನ್ನು ಪರಕೀಯವೆಂದು ಕೂಡಲೇ ತಳ್ಳಲಿಲ್ಲ! ಎಲ್ಲವೂ ಅಣ್ಣತಮ್ಮಂದಿರಿದ್ದಂತೆ. ಒಂದಕ್ಕೆ ತಗಲಿದ ರೋಗ ಎಲ್ಲಕ್ಕೂ ತಗಲಬಹುದೆಂಬ ಭಯ ಇದರಿಂದಲೇ.

ಇಂದು ಜಗತ್ತಿನ ಬಯಲುಗಳಲ್ಲಿ ಉಳಿದಿರುವ ಚೀತಾಗಳು ಸುಮಾರು ಏಳು ಸಾವಿರ, ಬಹುತೇಕ ಎಲ್ಲವೂ ಆಫ್ರಿಕಾದಲ್ಲಿ. ಹಿಂದೆ ಅವು ಓಡಾಡುತ್ತಿದ್ದ ನೆಲದ ಹತ್ತನೆಯ ಒಂದು ಭಾಗವೂ ಈಗ ಅವಕ್ಕೆ ಉಳಿದಿಲ್ಲ. ನಮ್ಮ ಸಿವಂಗಿಯ ಸ್ವಂತ ಕುಲವಾದ ಏಷ್ಯಾದ ಚೀತಾ ಇರಾನಿನ ಮರುಭೂಮಿಯಲ್ಲಿ ಮಾತ್ರ ಇದೆ. 2022ರಲ್ಲಿ ಅಲ್ಲಿನ ಅಧಿಕಾರಿಗಳು ಕೊಟ್ಟ ಲೆಕ್ಕ ಹನ್ನೆರಡು. ನಮ್ಮ ಒಂದು ತರಗತಿಯ ಮೊದಲ ಎರಡು ಸಾಲು ಬೆಂಚುಗಳಲ್ಲಿ ಕೂರುವಷ್ಟು ಮಕ್ಕಳು!

ಕುನೊ ಬಗ್ಗೆ ನನ್ನ ನಿಲುವು

1970ರ ದಶಕದಲ್ಲಿ ಇರಾನಿನಿಂದ ಚೀತಾ ತಂದು ಪ್ರತಿಯಾಗಿ ಗಿರ್ ಸಿಂಹ ಕೊಡುವ ಮಾತುಕತೆ ನಡೆದಿತ್ತು. ಇರಾನಿನ ಷಾ ಪದಚ್ಯುತನಾದ ಮೇಲೆ ಅದು ನಿಂತುಹೋಯಿತು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಆಫ್ರಿಕಾದ ಚೀತಾಗಳನ್ನು ಕುನೊಗೆ ತರುವ ಆದೇಶವನ್ನು ರದ್ದುಪಡಿಸಿತು. 2020ರ ಜನವರಿಯಲ್ಲಿ ಪ್ರಾಯೋಗಿಕವಾಗಿ ತರಲು ಒಪ್ಪಿಗೆ ಕೊಟ್ಟಿತು. ನಮೀಬಿಯಾದ ಎಂಟರ ಬೆನ್ನಿಗೆ 2023ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ ಹನ್ನೆರಡು ಬಂದವು.

ಆ ವರ್ಷ ಸಾಲುಸಾಲು ಸಾವುಗಳಾದವು. ಒಂದಕ್ಕೆ ಮೂತ್ರಪಿಂಡದ ರೋಗವಿತ್ತು. ಮೇ ತಿಂಗಳ ಬಿಸಿಲಿನಲ್ಲಿ ಮೂರು ಮರಿಗಳು ಸತ್ತವು. ಮಳೆಗಾಲದಲ್ಲಿ ಕೊರಳಪಟ್ಟಿಯ ಕೆಳಗೆ ಗಾಯವಾಗಿ, ಹುಳುವಾಗಿ, ಸೋಂಕು ತಗಲಿ ಕೆಲವು ಸತ್ತವು. ಇದರ ಹಿಂದೆ ಒಂದು ವಿಜ್ಞಾನದ ಪಾಠವಿದೆ. ಜೂನ್, ಜುಲೈ ತಿಂಗಳುಗಳು ದಕ್ಷಿಣ ಆಫ್ರಿಕಾದಲ್ಲಿ ಚಳಿಗಾಲ. ಆ ಚೀತಾಗಳ ಮೈ ತನ್ನ ಊರಿನ ಪಂಚಾಂಗವನ್ನೇ ನಂಬಿ ಚಳಿಗಾಲದ ದಟ್ಟ ರೋಮವನ್ನು ಬೆಳೆಸಿತು. ಹೊರಗೆ ಮಾತ್ರ ನಮ್ಮ ಮುಂಗಾರು ಸುರಿಯುತ್ತಿತ್ತು. ಒದ್ದೆ ರೋಮ ಒಣಗಲಿಲ್ಲ. ಊರು ಬದಲಾದರೂ ದೇಹದ ಗಡಿಯಾರ ಬದಲಾಗಲು ಕಾಲ ಬೇಕು.

ಹಾಗೆಂದು ಯೋಜನೆ ವಿಫಲವೆಂದು ನಾನು ಹೇಳುವುದಿಲ್ಲ. ಆ ಬಿಸಿಲಿನಲ್ಲಿ ಉಳಿದ ಒಂದೇ ಹೆಣ್ಣುಮರಿ 'ಮುಖಿ' ಮನುಷ್ಯರ ಆರೈಕೆಯಲ್ಲಿ ಬೆಳೆದು 2025ರ ನವೆಂಬರಿನಲ್ಲಿ ತಾನೇ ಐದು ಮರಿಗಳನ್ನು ಹಾಕಿತು. ಭಾರತದ ಮಣ್ಣಿನಲ್ಲಿ ಹುಟ್ಟಿದ ಚೀತಾ ಭಾರತದಲ್ಲೇ ತಾಯಿಯಾದದ್ದು ಸಣ್ಣ ಮಾತಲ್ಲ. 2025ರ ಏಪ್ರಿಲಿನಲ್ಲಿ ಗಾಂಧಿಸಾಗರ ಅಭಯಾರಣ್ಯಕ್ಕೂ ಎರಡು ಚೀತಾಗಳನ್ನು ಒಯ್ದು ಬಿಟ್ಟರು. ಹಗಲಿರುಳು ದುಡಿದ ಪಶುವೈದ್ಯರನ್ನೂ ಕಾವಲುಗಾರರನ್ನೂ ನಾನು ಮನಸಾರೆ ಗೌರವಿಸುತ್ತೇನೆ. ಕುನೊದಿಂದ ಹಿಂದೆ ಸಿಂಹಗಳಿಗೆಂದು ಎಬ್ಬಿಸಿದ 24 ಹಳ್ಳಿಗಳ ಜನರನ್ನೂ ಮರೆಯಬಾರದು. ಅವರು ತೆತ್ತ ಬೆಲೆಯ ಮೇಲೆ ಆ ಉದ್ಯಾನ ನಿಂತಿದೆ.

ನನ್ನ ಆಕ್ಷೇಪವಿರುವುದು ಬೇರೆ ಕಡೆ. ವಿಮಾನದಲ್ಲಿ ಬಂದ ಅತಿಥಿಗಾಗಿ ಇಷ್ಟು ಶ್ರಮಿಸುವ ನಾವು, ಮನೆಯಲ್ಲೇ ಉಪವಾಸವಿರುವವರ ಕಡೆ ತಿರುಗಿ ನೋಡುತ್ತಿಲ್ಲ. ಚೀತಾದ ಹಳೆಯ ನೆರೆಹೊರೆಯವರು ಇನ್ನೂ ನಮ್ಮ ಜಿಲ್ಲೆಯ ಎರೆಬಯಲಿನಲ್ಲಿದ್ದಾರೆ.

ನಮ್ಮ ಬಯಲಿನ ವಾರಸುದಾರರು

ನಮ್ಮ ತಾತ ಸಿರುಗುಪ್ಪ ಸೀಮೆಯ ರೈತರು. ಜೋಳದ ಹೊಲದಲ್ಲಿ ಮಂಚಿಕೆಯ ಮೇಲೆ ಕೂತು ಕವಣೆ ಬೀಸುತ್ತ ಹಕ್ಕಿ ಕಾಯುತ್ತಿದ್ದ ದಿನಗಳಲ್ಲಿ ಚಿಗರಿಗಳ ಹಿಂಡು ಜಿಗಿಯುತ್ತ ಹೋದರೆ ಎಣಿಸಿ ಮುಗಿಯುತ್ತಿರಲಿಲ್ಲವೆಂದು ಅವರು ಹೇಳುತ್ತಿದ್ದರು. ಚಿಗರಿ ಎಂದರೆ ಪುಸ್ತಕದ ಕೃಷ್ಣಮೃಗ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಸ್ಸುಗಳಿಗೂ ಅದೇ ಹೆಸರಿಟ್ಟಿದ್ದಾರೆ. ಚೀತಾದ ಕಾಲು ಅಷ್ಟು ವೇಗವಾದದ್ದೂ ಚಿಗರಿಯ ಕಾಲು ಇಷ್ಟು ವೇಗವಾದದ್ದೂ ಒಂದರ ಹಿಂದೆ ಒಂದು ಓಡಿದ್ದರಿಂದಲೇ. ಅಟ್ಟುವವನು ಹೋದ, ಓಡುವವನು ಇನ್ನೂ ಓಡುತ್ತಿದ್ದಾನೆ.

ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ಮುಗಿದು ಕಾಲುವೆಗಳು ಬಂದ ಮೇಲೆ ಸಿರುಗುಪ್ಪ ಭತ್ತದ ನಾಡಾಯಿತು. ಆ ನೀರಿನಿಂದ ನಮ್ಮ ಮನೆಗಳಲ್ಲಿ ಅನ್ನ ಬೆಂದಿದೆ, ನಿಮ್ಮಲ್ಲಿ ಎಷ್ಟೋ ಜನರ ಶಾಲೆಯ ಶುಲ್ಕ ಆ ಭತ್ತದ ಹಣವೇ. ಅದನ್ನು ನಾನು ಎಂದೂ ದೂರುವುದಿಲ್ಲ. ಆದರೆ ಕಾಲುವೆ ಮುಟ್ಟದೆ ಉಳಿದ ಒಣಭೂಮಿಯ ಅಷ್ಟಿಷ್ಟು ತುಂಡುಗಳಲ್ಲಿ ಇಂದಿಗೂ ಚಿಗರಿಯಿದೆ, ನರಿಯಿದೆ, ತೋಳವಿದೆ. ಎಲ್ಲಕ್ಕಿಂತ ಮಿಗಿಲಾಗಿ ನಮ್ಮವರು ಎರ್ಲಡ್ಡು ಎಂದು ಕರೆಯುವ ದೊಡ್ಡ ಹಕ್ಕಿಯಿದೆ. ಇಂಗ್ಲಿಷಿನಲ್ಲಿ ಅದನ್ನು ಗ್ರೇಟ್ ಇಂಡಿಯನ್ ಬಸ್ಟರ್ಡ್ ಎನ್ನುತ್ತಾರೆ. ಸುಮಾರು ಒಂದು ಮೀಟರ್ ಎತ್ತರ ನಿಲ್ಲುವ, ಹಾರಬಲ್ಲ ಹಕ್ಕಿಗಳಲ್ಲೇ ಅತಿ ಭಾರದ ಹಕ್ಕಿಗಳ ಸಾಲಿಗೆ ಸೇರಿದ ಈ ಪಕ್ಷಿಯನ್ನು ರಾಷ್ಟ್ರಪಕ್ಷಿ ಮಾಡಬೇಕೆಂದು ಸಲೀಂ ಅಲಿಯವರು ಹೇಳಿದ್ದರು. ಆ ಗೌರವ 1963ರಲ್ಲಿ ನವಿಲಿಗೆ ಹೋಯಿತು. ಇಡೀ ದೇಶದಲ್ಲಿ ಈಗ ಎರ್ಲಡ್ಡು ಉಳಿದಿರುವುದು ನೂರೈವತ್ತಕ್ಕೂ ಕಡಿಮೆ, ಬಹುಪಾಲು ರಾಜಸ್ಥಾನದಲ್ಲಿ. ಕರ್ನಾಟಕದಲ್ಲಿ ಅದರ ಕೊನೆಯ ನೆಲೆ ನಮ್ಮ ಸಿರುಗುಪ್ಪದ ಬಯಲು. ಅಲ್ಲಿರುವುದು ಬೆರಳೆಣಿಕೆಯಷ್ಟು.

ಇದು ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ, ಅದೂ ಬರಿಯ ನೆಲದ ಮೇಲೆ. ಮುಂದಿನ ಸೂಕ್ಷ್ಮ ದೃಷ್ಟಿ ಅದಕ್ಕಿಲ್ಲ; ಕಣ್ಣುಗಳು ಪಕ್ಕಕ್ಕಿರುವುದರಿಂದ ಹಾರುವಾಗ ಎದುರಿನ ವಿದ್ಯುತ್ ತಂತಿ ಕಾಣದೆ ಬಡಿದು ಸಾಯುತ್ತದೆ. ರಾಜಸ್ಥಾನದ ಜೈಸಲ್ಮೇರಿನಲ್ಲಿ ಇದನ್ನು ಸೆರೆಯಲ್ಲಿ ಸಾಕಿ ಮರಿ ಮಾಡಿಸುವ ಕೇಂದ್ರ ನಡೆಯುತ್ತಿದೆ. 2024ರ ಅಕ್ಟೋಬರಿನಲ್ಲಿ ಕೃತಕ ಗರ್ಭಧಾರಣೆಯಿಂದ ಒಂದು ಮರಿ ಹುಟ್ಟಿತು. ಸಂತೋಷವೇ ಸರಿ. ಆದರೆ ನಾಳೆ ಆ ಮರಿಗಳನ್ನು ತಂದು ಬಿಡಲು ನಮ್ಮಲ್ಲಿ ನೆಲ ಉಳಿದಿರಬೇಕಲ್ಲವೇ?

'ಖರಾಬು' ಎಂಬ ಒಂದು ಪದ

ಇಲ್ಲಿಗೆ ನಾನು ಮೊದಲು ಹೇಳಿದ ಮನೋಭಾವದ ಮಾತು ಬರುತ್ತದೆ. ನಮ್ಮ ಕಂದಾಯ ದಾಖಲೆಗಳನ್ನು ತೆರೆದು ನೋಡಿ. ಉತ್ತು ಬಿತ್ತದ ನೆಲಕ್ಕೆ ನಾವಿಟ್ಟ ಹೆಸರು 'ಖರಾಬು'. ಅಂದರೆ ಕೆಟ್ಟದ್ದು. ಇನ್ನೊಂದು ಹೆಸರು 'ಬೀಳು'. ದೆಹಲಿಯ ನಕ್ಷೆಗಳಲ್ಲಿ ಕುರುಚಲು ಬಯಲಿಗೆಲ್ಲ 'ವೇಸ್ಟ್‌ಲ್ಯಾಂಡ್' ಎಂಬ ಮೊಹರು. ಮರವಿದ್ದರೆ ಮಾತ್ರ ಕಾಡು, ಬೆಳೆಯಿದ್ದರೆ ಮಾತ್ರ ಹೊಲ, ಎರಡೂ ಇಲ್ಲದಿದ್ದರೆ ಅದು ಯಾರಿಗೂ ಬೇಡವಾದ ಜಾಗ, ಯಾರು ಬೇಕಾದರೂ ತೆಗೆದುಕೊಳ್ಳಬಹುದಾದ ಜಾಗ! ನಮ್ಮ ಹಿರಿಯರು ಇದಕ್ಕಿಂತ ವಿವೇಕಿಗಳು. ಅವರು 'ಹುಲ್ಲುಬನ್ನಿ' ಎಂದರು, 'ಗೋಮಾಳ' ಎಂದರು. ಆ ಪದಗಳಲ್ಲಿ ಆ ನೆಲ ಯಾರದ್ದೆಂಬುದು ಇದೆ: ಹುಲ್ಲಿನದು, ದನಕರುಗಳದ್ದು.

ಮರ ನೆಡುವುದು ಪುಣ್ಯವೆಂದು ನಾನೂ ನಿಮಗೆ ಕಲಿಸಿದ್ದೇನೆ. ಊರಿನಲ್ಲಿ, ರಸ್ತೆಯ ಬದಿಯಲ್ಲಿ, ಶಾಲೆಯ ಅಂಗಳದಲ್ಲಿ ಅದು ಇಂದಿಗೂ ಪುಣ್ಯವೇ. ಹುಲ್ಲುಗಾವಲಿನಲ್ಲಿ ಮಾತ್ರ ಅಲ್ಲ. ಹಾವೇರಿ ಜಿಲ್ಲೆಯ ರಾಣೇಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗ ಅಭಯಾರಣ್ಯವನ್ನು ಘೋಷಿಸಿದರು. ಅಲ್ಲಿ ಎರ್ಲಡ್ಡು ಕೂಡ ಇತ್ತು. ಆದರೆ ಆ ಬಯಲಿನ ದೊಡ್ಡ ಭಾಗವನ್ನು ನೀಲಗಿರಿ ನೆಡುತೋಪು ಮಾಡಲಾಗಿತ್ತು. ನಕ್ಷೆಯಲ್ಲಿ ಹಸಿರು ಹೆಚ್ಚಿತು, ಹಕ್ಕಿ ಹೋಯಿತು. ಬಯಲಿನ ಹಕ್ಕಿಗೆ ದೂರದವರೆಗೆ ಕಣ್ಣು ಹರಿಯಬೇಕು. ಮರಗಳ ನಡುವೆ ಅದಕ್ಕೆ ಶತ್ರು ಕಾಣುವುದಿಲ್ಲ. ಆಷಾಢದಲ್ಲಿ ಒಣಗಿ ನಿಂತ ಹುಲ್ಲು ನೋಡಿ ಸತ್ತ ನೆಲವೆಂದುಕೊಳ್ಳುವವರು ಶ್ರಾವಣದಲ್ಲಿ ಒಮ್ಮೆ ಹೋಗಿ ನೋಡಬೇಕು.

ರೈತನ ಮಾತನ್ನೂ ಕೇಳಬೇಕು

"ಸರ್, ನೀವು ಪಾರ್ವತಿನಗರದ ಮಹಡಿಯ ಮೇಲೆ ಕೂತು ಬರೆಯುತ್ತೀರಿ. ರಾತ್ರಿ ನನ್ನ ಕಡಲೆ ಹೊಲಕ್ಕೆ ಚಿಗರಿ ನುಗ್ಗಿದರೆ ನೀವು ಬಂದು ಓಡಿಸುತ್ತೀರಾ?" ಎಂದು ನನ್ನ ಶಿಷ್ಯನೊಬ್ಬ ಕೇಳಿದ್ದಾನೆ. ಅವನದು ನ್ಯಾಯವಾದ ಪ್ರಶ್ನೆ. ಬಳ್ಳಾರಿ, ಕೊಪ್ಪಳ, ಗದಗ ಜಿಲ್ಲೆಗಳ ರೈತರಿಗೆ ಚಿಗರಿಯ ಕಾಟ ಸುಳ್ಳಲ್ಲ. ಮೊಳಕೆಯನ್ನೇ ಮೇಯ್ದುಹೋದರೆ ಬೀಜದ ಸಾಲ ತೀರಿಸುವವರು ಯಾರು? ಪರಿಹಾರದ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವುದು ಯಾರಿಗೂ ಬೇಡ.

ಆದರೆ ಅವನಿಗೆ ನಾನು ಹೇಳಿದ್ದು ಇದು. ಚಿಗರಿ ನಿನ್ನ ಹೊಲಕ್ಕೆ ಬಂದದ್ದು ಅದರ ಹುಲ್ಲುಬನ್ನಿಯಲ್ಲಿ ಹುಲ್ಲಿಲ್ಲದ್ದರಿಂದ. ಅದನ್ನು ಹಿಡಿತದಲ್ಲಿಡುತ್ತಿದ್ದ ಸಿವಂಗಿಯನ್ನು ನಮ್ಮ ಹಿಂದಿನವರು ಮುಗಿಸಿದರು, ತೋಳವನ್ನು ನಾವು ಮುಗಿಸುತ್ತಿದ್ದೇವೆ. ಹಾಗೆಂದು ಬಳ್ಳಾರಿಗೆ ಚೀತಾ ತನ್ನಿ ಎಂದು ನಾನು ಹೇಳಲಾರೆ. ಒಂದೊಂದು ಚೀತಾಕ್ಕೂ ನೂರಾರು ಚದರ ಕಿಲೋಮೀಟರು ಓಡಾಟದ ನೆಲ ಬೇಕಾಗಬಹುದು. ಹೊಲ, ರಸ್ತೆ, ಬೇಲಿ, ಬೀದಿನಾಯಿಗಳಿಂದ ತುಂಬಿದ ನಮ್ಮ ಸೀಮೆಗೆ ಅದನ್ನು ತರುವುದು ಆ ಪ್ರಾಣಿಗೂ ಜನರಿಗೂ ಮಾಡುವ ಅನ್ಯಾಯ. ನಾನು ಕೇಳುವುದು ಇರುವುದನ್ನು ಉಳಿಸಿಕೊಳ್ಳಿ ಎಂದು ಮಾತ್ರ. ಬೆಳೆಹಾನಿಯ ಪರಿಹಾರ ರೈತನ ಮನೆ ಬಾಗಿಲಿಗೆ ಬೇಗ ಬರಲಿ, ಅದರ ಜೊತೆಯಲ್ಲೇ ಗೋಮಾಳವೂ ಉಳಿಯಲಿ. ಎರಡೂ ಒಂದೇ ಹೋರಾಟದ ಎರಡು ಬೇಡಿಕೆಗಳು.

ಇದು ಆಗದ ಕೆಲಸವಲ್ಲ. ಬೋಳು ಬಂಡೆಗುಡ್ಡಗಳಾಗಿದ್ದ ದರೋಜಿಯನ್ನು 1994ರಲ್ಲಿ ಕರಡಿಧಾಮ ಮಾಡಿದಾಗ ನಕ್ಕವರಿದ್ದರು. ಇಂದು ದೂರದೂರದ ಜನ ಕರಡಿ ನೋಡಲು ಅಲ್ಲಿಗೆ ಬರುತ್ತಾರೆ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಈಗ ತೋಳಧಾಮವಿದೆ. ಕುರಿ ಹಿಡಿಯುವ ತೋಳಕ್ಕೂ ಒಂದು ಧಾಮವಾಗುತ್ತದೆಂದು ನಮ್ಮ ತಾತನಿಗೆ ಹೇಳಿದ್ದರೆ ನಂಬುತ್ತಿರಲಿಲ್ಲ.

ನಿಮ್ಮಲ್ಲಿ ನನ್ನ ವಿನಂತಿ

ನನ್ನ ಓದುಗರು ಯಾರೆಂದು ನನಗೆ ಗೊತ್ತು. ನಿಮ್ಮಲ್ಲಿ ಶಿಕ್ಷಕರಿದ್ದೀರಿ, ಗ್ರಾಮ ಲೆಕ್ಕಿಗರಿದ್ದೀರಿ, ಸರ್ವೆಯರುಗಳಿದ್ದೀರಿ, ಸೌರವಿದ್ಯುತ್ ಮತ್ತು ಗಾಳಿಯಂತ್ರದ ಕಂಪನಿಗಳಲ್ಲಿ ಇಂಜಿನಿಯರುಗಳಿದ್ದೀರಿ, ಬಡಾವಣೆ ಮಾಡುವವರೂ ಇದ್ದೀರಿ. ಯಾರ ಉದ್ಯೋಗಕ್ಕೂ ಅಡ್ಡ ಬರುವ ಇಚ್ಛೆ ನನಗಿಲ್ಲ. ಮೂರು ಮಾತು ಮಾತ್ರ.

ಶಿಕ್ಷಕರಾಗಿರುವವರು ಮಕ್ಕಳಿಗೆ ಚಿರತೆ ಮತ್ತು ಚೀತಾಗಳ ಭೇದವನ್ನು ಹೇಳುವಾಗ 'ಸಿವಂಗಿ' ಎಂಬ ಪದವನ್ನೂ ಕಪ್ಪುಹಲಗೆಯ ಮೇಲೆ ಬರೆಯಿರಿ. ಇದು ನಮ್ಮ ನೆಲದಲ್ಲಿದ್ದ ಪ್ರಾಣಿ ಎಂದು ತಿಳಿದ ಮಗು ನಾಳೆ ಎರ್ಲಡ್ಡನ್ನು ಬೇರೆ ಕಣ್ಣಿನಿಂದ ನೋಡುತ್ತದೆ.

ಕಡತಕ್ಕೆ ಸಹಿ ಹಾಕುವವರು 'ಖರಾಬು' ಎಂದು ಬರೆಯುವ ಮೊದಲು ಒಂದು ಬೆಳಿಗ್ಗೆ ಆ ನೆಲಕ್ಕೆ ಹೋಗಿ ನಿಂತು ನೋಡಿ. ಯಾರ ಹೆಜ್ಜೆಗಳಿವೆ, ಯಾರ ಗೂಡುಗಳಿವೆ, ಯಾರ ಕುರಿಗಳು ಮೇಯುತ್ತಿವೆ. ಆಮೇಲೆ ಸಹಿ ಹಾಕಿ. ವಿದ್ಯುತ್ ಮಾರ್ಗ ಎಳೆಯುವವರು ಹಕ್ಕಿಯಿರುವ ಬಯಲನ್ನು ಸುತ್ತಿಕೊಂಡು ಹೋಗುವ ದಾರಿಯಿದ್ದರೆ ಅದನ್ನೇ ಹಿಡಿಯಿರಿ. ಖರ್ಚು ಸ್ವಲ್ಪ ಹೆಚ್ಚಬಹುದು. ಒಂದು ಕುಲವನ್ನು ಮರಳಿ ತರುವ ಖರ್ಚು ಎಷ್ಟೆಂಬುದನ್ನು ಕುನೊ ತೋರಿಸಿದೆ.

ಊರಿನಲ್ಲಿರುವ ಬಂಧುಗಳು ಹೊಲಕ್ಕೆ ಹೋಗುವಾಗ ನಾಯಿಗಳನ್ನು ಬಯಲಿಗೆ ಬಿಡಬೇಡಿ. ನೆಲದ ಮೇಲೆ ಒಂಟಿ ಮೊಟ್ಟೆ ಕಂಡರೆ ಮುಟ್ಟಬೇಡಿ. ಭಾವಚಿತ್ರ ತೆಗೆಯಲೆಂದು ಹತ್ತಿರ ಹೋಗಬೇಡಿ. ಅರಣ್ಯ ಇಲಾಖೆಯವರಿಗೆ ತಿಳಿಸಿ, ದೂರ ನಿಂತುಬಿಡಿ.

ಸಿವಂಗಿಯ ವಿಷಯದಲ್ಲಿ ಮಂಡಳಿ ಸಭೆ ಸೇರಿ ಆದ್ಯತೆ ನೀಡಿದಾಗ ಕಾಲ ಮಿಂಚಿತ್ತು. ಎರ್ಲಡ್ಡಿನ ವಿಷಯದಲ್ಲಿ ಇನ್ನೂ ಪೂರ್ತಿ ಮಿಂಚಿಲ್ಲ. ಇನ್ನು ಐವತ್ತು ವರ್ಷಗಳ ಮೇಲೆ ನಿಮ್ಮ ಮೊಮ್ಮಕ್ಕಳಿಗೆ ಪಾಠ ಹೇಳುವ ಇನ್ನೊಬ್ಬ ಮೇಷ್ಟ್ರು, "ಎರ್ಲಡ್ಡು ಎಂದರೆ ಸಿರುಗುಪ್ಪದಲ್ಲಿದ್ದ ಒಂದು ಹಕ್ಕಿ" ಎಂದು ಭೂತಕಾಲದಲ್ಲಿ ಹೇಳಬೇಕೋ, ವರ್ತಮಾನಕಾಲದಲ್ಲಿ ಹೇಳಬೇಕೋ ಎಂಬುದು ವ್ಯಾಕರಣದ ಪ್ರಶ್ನೆಯಲ್ಲ. ಅದು ನಿಮ್ಮ ಕೈಯಲ್ಲಿದೆ. ನಿಮ್ಮ ಊರಿನ ಗೋಮಾಳ ಎಷ್ಟು ಎಕರೆಯಿತ್ತು, ಈಗ ಎಷ್ಟು ಉಳಿದಿದೆ ಎಂಬುದನ್ನು ವಿಚಾರಿಸಿ ನನಗೆ ಬರೆದು ತಿಳಿಸಿ. ಅಷ್ಟಾದರೂ ಆಗಲಿ.